ಬೋರ್‌ವೆಲ್ ನೀರಿನ ಮ್ಯಾಂಗನೀಸಿಗೆ ಮೂರು ಎಲೆಕ್ಟ್ರೋಡು: ನನ್ನ ಕೈ ಹಿಡಿದದ್ದು ವಜ್ರ

ನನ್ನ ಒಲವು ಯಾವುದರ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ: ಕರೆಂಟು ಹರಿಯಲೆಂದು ಬೋರಾನ್ ಬೆರೆಸಿದ ವಜ್ರದ ಎಲೆಕ್ಟ್ರೋಡು, ಅಂದರೆ ದ್ರಾವಣಕ್ಕೆ ಕರೆಂಟು ಮುಟ್ಟಿಸುವ ತುಂಡು. ಧಾರವಾಡದ ನಮ್ಮ ಲ್ಯಾಬಿನಲ್ಲಿ ಪ್ಲಾಟಿನಂ, ಗ್ಲಾಸಿ ಕಾರ್ಬನ್ (ಗಾಜಿನಂತೆ ನುಣುಪಾದ ಇಂಗಾಲ), ವಜ್ರ ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದ ಮೇಲಿನ ಮಾತಿದು.

ಕೆಲಸ ಬೋರ್‌ವೆಲ್ ನೀರಿನ ಮ್ಯಾಂಗನೀಸ್ ಅಳೆಯುವುದು. ಗದಗ ಸೀಮೆಯ ಕಲ್ಲಿನಲ್ಲಿ ಮ್ಯಾಂಗನೀಸ್ ಅದಿರು ಇದೆ. ಮುಂಡರಗಿ ಕಡೆಯ ನಮ್ಮ ಅತ್ತಿಯ ಮನೆಯಲ್ಲಿ ಕೊಡದೊಳಗೆ ಕಟ್ಟುವ ಕಪ್ಪು ಕರೆ ನೋಡಿಯೇ ನಾನು ಇದಕ್ಕೆ ಇಳಿದದ್ದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 0.3. ಎಲೆಕ್ಟ್ರೋಡಿಗೆ ಧನ ವೋಲ್ಟೇಜು ಕೊಟ್ಟು ಹಿಡಿದರೆ ನೀರಿನಲ್ಲಿ ಕರಗಿದ ಮ್ಯಾಂಗನೀಸ್ ಅಯಾನು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಡೈಆಕ್ಸೈಡ್ ಆಗಿ ಮೈಮೇಲೆ ಕೂರುತ್ತದೆ. ಆಮೇಲೆ ವೋಲ್ಟೇಜು ಇಳಿಸುತ್ತ ಬಂದರೆ ಅದು ಮತ್ತೆ ಕರಗುತ್ತ ಕರೆಂಟಿನ ಗೆರೆಯಲ್ಲಿ ಒಂದು ಪೀಕ್, ಅಂದರೆ ಶಿಖರ, ಕೊಡುತ್ತದೆ. ಅದರ ಎತ್ತರದ ಮೇಲೆ ಲೆಕ್ಕ.

ಪ್ಲಾಟಿನಂ ಇದಕ್ಕೆ ಬೇಡ. ತನ್ನ ಮೈಮೇಲೆ ತಾನೇ ಆಕ್ಸೈಡ್ ಕಟ್ಟಿಕೊಂಡು, ವೋಲ್ಟೇಜು ಇಳಿಯುವಾಗ ತನ್ನದೇ ಪೀಕ್ ತಂದು ನಡುವೆ ಇಡುತ್ತದೆ.

ಗ್ಲಾಸಿ ಕಾರ್ಬನ್ ಕೆಲಸ ಕೊಡುತ್ತದೆ, ಸುಳ್ಳು ಹೇಳಬಾರದು. ಆದರೆ ಪ್ರತಿ ಸ್ಯಾಂಪಲ್ಲಿಗೂ 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ ತಿಕ್ಕಬೇಕು. ವೋಲ್ಟೇಜು ಹೆಚ್ಚಿಸಿದರೆ ಕಾರ್ಬನ್ನಿನ ಮೈಯೇ ಉತ್ಕರ್ಷಣೆಯಾಗುತ್ತದೆ, ಸಣ್ಣ ಪೀಕ್ ಆ ಗದ್ದಲದಲ್ಲಿ ಮುಳುಗುತ್ತದೆ.

ವಜ್ರದ ಗುಣವೇ ಬೇರೆ. ಲೆಕ್ಕದ ಪ್ರಕಾರ ನೀರು 1.23 ವೋಲ್ಟಿಗೇ ಒಡೆಯಬೇಕು. ಆಮ್ಲದಲ್ಲಿ ಇಟ್ಟ ವಜ್ರದ ಮೇಲೆ 2 ವೋಲ್ಟ್ ದಾಟಿದರೂ ಆಮ್ಲಜನಕದ ಗುಳ್ಳೆ ಏಳುವುದಿಲ್ಲ. ನೀರು ಅಡ್ಡ ಬರದೆ ಅಷ್ಟು ವೋಲ್ಟೇಜಿನ ಜಾಗ ಅಯಾನುಗಳಿಗೆ ಸಿಗುತ್ತದೆ. ಒಂದು ಸಂಜೆ ಸಲ್ಫ್ಯೂರಿಕ್ ಆಮ್ಲದಲ್ಲಿ ಸೀರಿಯಂ ಹಾಕಿ ನೋಡಿದೆ. ಬಣ್ಣವಿಲ್ಲದ ದ್ರಾವಣದಲ್ಲಿ ಎಲೆಕ್ಟ್ರೋಡಿನ ಬುಡದಿಂದ ನಿಂಬೆಹಣ್ಣಿನ ಬಣ್ಣ ಎಳೆ ಎಳೆಯಾಗಿ ಇಳಿಯಿತು. ಬಣ್ಣವಿಲ್ಲದ ಸೀರಿಯಂ(III) ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಹಳದಿ ಸೀರಿಯಂ(IV) ಆಗುವುದನ್ನು ಕಣ್ಣಿಂದ ಕಂಡದ್ದು ಅಂದೇ.

ಇಷ್ಟಾದರೂ ನಾನು ಮೊದಲು ಕೊಂಡ ವಜ್ರ ನನ್ನ ಎರಡು ತಿಂಗಳು ತಿಂದಿತು. ಅಗ್ಗವೆಂದು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸಿದ ತುಂಡು ತರಿಸಿದ್ದೆ. ಮೇಲೆ ದ್ರಾವಣ ಸೋರದಂತೆ ಓ-ರಿಂಗು (ರಬ್ಬರ್ ಬಳೆ), ಕೆಳಗೆ ಕರೆಂಟು ಕೊಡಲು ತಾಮ್ರದ ತಗಡು, ನಾಲ್ಕು ಸ್ಕ್ರೂ. ಎರಡನೆಯ ವಾರದಿಂದ ಮ್ಯಾಂಗನೀಸ್ ಇಲ್ಲದ ಬರೀ ಬಫರ್ ದ್ರಾವಣದಲ್ಲೂ ಕರೆಂಟು ಏರತೊಡಗಿತು. ಬಫರ್ ಬದಲಿಸಿದೆ, ವೋಲ್ಟೇಜಿಗೆ ಆಧಾರವಾಗುವ ರೆಫರೆನ್ಸ್ ಎಲೆಕ್ಟ್ರೋಡ್ ಬದಲಿಸಿದೆ, ಗಾಜಿನ ಸಾಮಾನನ್ನೆಲ್ಲ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿದೆ. ಕೊನೆಗೆ ನಮ್ಮ ಸರ್ ಬಂದು, "ವಜ್ರಕ್ಕ ಏನಾಗ್ತದೋ? ಹಿಂದಿನ ಮಗ್ಗಲಾ ಬಿಚ್ಚಿ ನೋಡು" ಅಂದರು. ಬಿಚ್ಚಿದರೆ ತಗಡಿನ ಮೇಲೆ ಅಕ್ಕಿಕಾಳಿನಷ್ಟು ಹಸಿರು-ನೀಲಿ ಕಲೆ. ರಿಂಗಿನ ಅಡಿಯಿಂದ ದ್ರಾವಣ ಸೋರಿ, ನಾನು ಕೊಡುತ್ತಿದ್ದ ವೋಲ್ಟೇಜಿಗೆ ತಾಮ್ರ ಕರಗುತ್ತಿತ್ತು. ನಾನು ಅಳೆದದ್ದು ಅತ್ತಿಯ ಬಾವಿಯನ್ನಲ್ಲ, ನನ್ನ ತಗಡನ್ನು. ಹೊಸ ರಿಂಗು ಹಾಕಿ ಸ್ಕ್ರೂ ಇನ್ನಷ್ಟು ಬಿಗಿಮಾಡಿದೆ. ಟಕ್ಕೆಂದು ಬಿಲ್ಲೆ ಸೀಳಿತು. ಆ ಎರಡು ತಿಂಗಳ ಅಂಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದು ಬಿಟ್ಟೆ.

ಈಗಿರುವುದು ಪ್ಲಾಸ್ಟಿಕ್ ಕಡ್ಡಿಯೊಳಗೆ ಸೀಲ್ ಆಗಿ ಬರುವ 3 ಮಿಲಿಮೀಟರಿನ ವಜ್ರ. ಗ್ಲಾಸಿ ಕಾರ್ಬನ್ನಿನ ಮೂರು ಪಟ್ಟಿನ ಹತ್ತಿರ ಬೆಲೆ ಬಿತ್ತು. ಫೆಲೋಶಿಪ್ಪಿನಲ್ಲಿ ಉಳಿಸಿ ಕೊಂಡೆ. ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಪದರ ಹಟ ಹಿಡಿದರೆ ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಸಾಕು, ನೊರೆಯೆದ್ದು ಮೈ ಶುಭ್ರ. ತಿಕ್ಕುವ ಕೆಲಸವೇ ಇಲ್ಲ.

ದಿನಕ್ಕೆ ಎರಡು ಮೂರು ಸ್ಯಾಂಪಲ್ ಅಷ್ಟೇ ಇದ್ದು, ತಿಕ್ಕಲು ಬೇಸರವಿಲ್ಲದವರು ಗ್ಲಾಸಿ ಕಾರ್ಬನ್ ಕೊಳ್ಳಿ, ದುಡ್ಡು ಉಳಿಯುತ್ತದೆ. ನನ್ನದು ಶನಿವಾರ ಊರಿಗೆ ಹೋಗಿ ಇಪ್ಪತ್ತು ಬಾಟಲಿ ನೀರು ತಂದು ಸೋಮವಾರವೇ ಮುಗಿಸುವ ರೂಢಿ. ಅದಕ್ಕೆ ವಜ್ರವೇ ಸರಿ. ಸಿಲಿಕಾನ್ ಬಿಲ್ಲೆ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಈಗಾಗಲೇ ತರಿಸಿದ್ದರೆ ವಾರಕ್ಕೊಮ್ಮೆ ಹಿಂದಿನ ತಗಡು ಬಿಚ್ಚಿ ನೋಡಿ.