ಬಚ್ಚಲಿನ ಟ್ರ್ಯಾಪ್: ಆಳದ್ದೋ, ಬಟ್ಟಲಿನದ್ದೋ, ಸಿಲಿಕೋನಿನದ್ದೋ?

ಚಿಕ್ಕ ಬಚ್ಚಲುಮನೆಯನ್ನು ಸ್ವಂತ ಕೈಯಿಂದ ಹೊಸದು ಮಾಡಲು ಹೊರಟವರು ಟೈಲ್ಸ್ ಬಣ್ಣಕ್ಕಿಂತ ಮೊದಲು ನೆಲದ ಟ್ರ್ಯಾಪ್ ಯಾವುದೆಂದು ನಿರ್ಧರಿಸಬೇಕು. ಟ್ರ್ಯಾಪ್ ಎಂದರೆ ನೀರು ಇಳಿಯುವ ಬಾಯಿಯಲ್ಲಿ ಕೂತು ಕೊಳವೆಯ ವಾಸನೆ ತಡೆಯುವ ಭಾಗ. ಟೈಲ್ಸ್ ಕೂತ ಮೇಲೆ ನೆಲದೊಳಗೆ ಹೂತ ಟ್ರ್ಯಾಪನ್ನು ಬದಲಿಸಲು ನೆಲ ಒಡೆಯದೆ ದಾರಿಯಿಲ್ಲ. ಮೂರು ಬಗೆಯವನ್ನೂ ಹಾಕಿ, ಬಳಸಿ, ಬಿಚ್ಚಿ ತೊಳೆದು ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ: ನೆಲದಡಿ ಜಾಗವಿದ್ದರೆ ಆಳದ್ದು, ಜಾಗವೇ ಇಲ್ಲದಿದ್ದರೆ ಸಿಲಿಕೋನಿನದ್ದು, ಬಟ್ಟಲಿನದ್ದು ಬೇಡ.

ಆಳದ ನಹಾನಿ ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ಸದಾ ನಿಂತಿರುತ್ತದೆ. ಕೊಳವೆಯ ವಾಸನೆ ಮೇಲೆ ಬರದಂತೆ ತಡೆಯುವುದು ಆ ನೀರೇ. ಒಳಗೆ ಅಲುಗುವ ಭಾಗ ಒಂದೂ ಇಲ್ಲ, ಹಾಗಾಗಿ ಕೆಡುವುದೂ ಏನಿಲ್ಲ. ಜಾಲರಿ ಎತ್ತಿ ಕೈ ಹಾಕಿದರೆ ಕೂದಲ ಗಂಟು ಹೊರಗೆ ಬರುತ್ತದೆ. ಬಳಸದೆ ಕೆಲವು ವಾರ ಬಿಟ್ಟರೆ ನೀರು ಆವಿಯಾಗುತ್ತದೆ, ಅದೊಂದೇ ಕೊರತೆ. ಊರಿಗೆ ಹೋಗುವಾಗ ಎರಡು ಚಮಚ ಅಡುಗೆ ಎಣ್ಣೆ ಸುರಿದರೆ ಆ ಪದರ ಆವಿಯನ್ನು ತಡೆಯುತ್ತದೆ. ಅನುಮಾನವಿದ್ದರೆ ಟಾರ್ಚ್ ಬಿಟ್ಟು ನೋಡಿ. ಕೆಳಗೆ ನೀರು ಹೊಳೆಯಬೇಕು.

ಬಟ್ಟಲಿನ ಟ್ರ್ಯಾಪ್ ಎಂದರೆ ಜಾಲರಿಯ ಕೆಳಗೆ ಬೋರಲು ಹಾಕಿದ ಪುಟ್ಟ ಬಟ್ಟಲು ಇರುವುದು. ಎತ್ತರ ಕಡಿಮೆ, ಕೂರಿಸುವುದು ಸುಲಭ. ಆದರೆ ಅದರಲ್ಲಿ ನಿಲ್ಲುವ ನೀರು ಸಾಮಾನ್ಯವಾಗಿ 20 ಮಿ.ಮೀ. ಆಸುಪಾಸು. ಅದೇ ಲೈನಿನಲ್ಲಿ ಕಮೋಡ್ ಫ್ಲಶ್ ಆದಾಗ ಗುಳುಗುಳು ಸದ್ದು ಕೇಳಿದರೆ ಆ ನೀರು ಎಳೆದುಕೊಂಡು ಹೋಗುತ್ತಿದೆ ಎಂದೇ ಅರ್ಥ. ಬಟ್ಟಲಿನ ಅಂಚಿಗೆ ಕೂದಲು, ಸೋಪಿನ ಜಿಡ್ಡು ಬೇಗ ಸುತ್ತಿಕೊಳ್ಳುತ್ತದೆ. ನೀರು ಇಳಿಯುತ್ತಿಲ್ಲವೆಂದು ಯಾರೋ ಬಟ್ಟಲನ್ನೇ ತೆಗೆದಿಟ್ಟರೆ ಆಮೇಲೆ ಅಲ್ಲಿ ಉಳಿಯುವುದು ಟ್ರ್ಯಾಪ್ ಅಲ್ಲ, ಬರೀ ತೂತು.

ಸಿಲಿಕೋನಿನದ್ದಕ್ಕೆ ನೀರು ಬೇಕಿಲ್ಲ. ನೀರು ಬಿದ್ದಾಗ ಎರಡು ತುಟಿ ತೆರೆದು, ಹರಿದು ಹೋದ ಮೇಲೆ ಮುಚ್ಚಿಕೊಳ್ಳುತ್ತವೆ. ಅಪರೂಪಕ್ಕೆ ಬಳಸುವ ಬಚ್ಚಲಿಗೆ, ಹಳೇ ಕೊಳವೆ ಒಡೆಯಲಾಗದ ಕಡೆಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಒಂದೇ ಒಂದು ಕೂದಲೆಳೆ ತುಟಿಗಳ ನಡುವೆ ಸಿಕ್ಕಿದರೂ ಬಾಯಿ ಪೂರ್ತಿ ಮುಚ್ಚದು, ವಾಸನೆ ಅಲ್ಲಿಂದಲೇ ನುಸುಳುತ್ತದೆ. ದಿನವೂ ತಲೆಸ್ನಾನ ಮಾಡುವ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎತ್ತಿ ತೊಳೆಯಬೇಕು. ಕೊಳವೆಯ ಒಳವ್ಯಾಸ ಅಳೆದೇ ತರಬೇಕು. ಸಡಿಲವಾದರೆ ವಾಸನೆ ಸುತ್ತಲಿನ ಸಂದಿಯಿಂದ ಬರುತ್ತದೆ.

ವಾಶ್‌ಬೇಸಿನ್ ಕೆಳಗಿನ ಮಾತು ಬೇರೆ. ಬಾಟಲಿಯಾಕಾರದ ಬಾಟಲ್ ಟ್ರ್ಯಾಪಿನ ತಳ ತಿರುಗಿಸಿ ಬಿಚ್ಚಬಹುದು, ಜಾಗ ಕಡಿಮೆ ಸಾಕು. ಬಾಗಿ ಗೋಡೆಯೊಳಗೆ ಹೋಗುವ ಪಿ-ಟ್ರ್ಯಾಪ್ ಹರಿವಿನ ರಭಸಕ್ಕೆ ತಾನೇ ತೊಳೆದುಕೊಳ್ಳುತ್ತದೆ. ಎರಡೂ ಕಣ್ಣೆದುರಿಗೇ ಇರುವುದರಿಂದ ಯಾವುದಾದರೂ ನಡೆಯುತ್ತದೆ. ನೇರ ನೆಲಕ್ಕಿಳಿಯುವ ಎಸ್-ಟ್ರ್ಯಾಪ್ ಮಾತ್ರ ಬೇಡ. ಬೇಸಿನ್ ಖಾಲಿಯಾಗುವಾಗ ಅದು ತನ್ನ ನೀರನ್ನು ತಾನೇ ಹೀರಿಕೊಂಡು ಬಿಡುತ್ತದೆ.

ಇನ್ನು ಜೋಡಣೆ. ಸಾಲ್ವೆಂಟ್ (ಪಿವಿಸಿ ಅಂಟು) ಹಾಕಿ ಅಂಟಿಸುವುದೋ, ಒಳಗೆ ರಬ್ಬರ್ ರಿಂಗ್ ಕೂತ ಅಗಲ ಬಾಯಿಯ ಸಾಕೆಟ್ಟೋ? ನೆಲದಡಿ ಹೂತುಹೋಗುವ ಗಿಡ್ಡ ತುಂಡುಗಳಿಗೆ ಸಾಲ್ವೆಂಟ್, ಗೋಡೆಯ ಮೇಲೆ ಕಾಣುವ ಉದ್ದ ಕೊಳವೆಗೆ ರಿಂಗು. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ: 3 ಮೀಟರ್ ಕೊಳವೆಗೆ 40 ಡಿಗ್ರಿ ವ್ಯತ್ಯಾಸವಾದರೆ ಸುಮಾರು 8 ಮಿ.ಮೀ. ಅದಕ್ಕೇ ರಿಂಗಿನ ಸಾಕೆಟ್ಟಿಗೆ ಪೂರ್ತಿ ತಳ್ಳಿದ ಮೇಲೆ 10 ಮಿ.ಮೀ. ಹಿಂದಕ್ಕೆ ಎಳೆಯಬೇಕು. ತುದಿಗೆ ಸೋಪು ಸವರಿ, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ರಿಂಗು ಸೋರುವುದು ಬಹುಪಾಲು ಒಂದೇ ಕಾರಣಕ್ಕೆ: ಕೊಯ್ದ ತುದಿಯ ಅಂಚು ಉಜ್ಜದೆ ತಳ್ಳಿದಾಗ ರಿಂಗು ತನ್ನ ತೋಡಿನಿಂದ ಮಡಚಿ ಹೊರಬರುತ್ತದೆ. ಸಾಲ್ವೆಂಟಿನಲ್ಲಿ ತಪ್ಪಾದರೆ ತಿದ್ದಲಾಗದು. ಆದ್ದರಿಂದ ಮೊದಲು ಒಣದಾಗಿ ಎಲ್ಲ ಜೋಡಿಸಿ, ಪ್ರತಿ ಜೋಡಣೆಯ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಆಮೇಲೆ ಎರಡೂ ಕಡೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಗೆರೆಗೆ ಗೆರೆ ಕೂಡುವಂತೆ ತಳ್ಳಿ 30 ಸೆಕೆಂಡ್ ಬಿಗಿ ಹಿಡಿಯಿರಿ. ಬಿಟ್ಟರೆ ಕೊಳವೆ ತಾನೇ ಹಿಂದೆ ಸರಿಯುತ್ತದೆ.

ಇಳಿಜಾರು ಮೀಟರಿಗೆ 2 ಸೆಂ.ಮೀ. ಸಾಕು. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಟ್ರ್ಯಾಪಿನಿಂದ ಗಾಳಿಕೊಳವೆಯಿರುವ ದೊಡ್ಡ ಲೈನಿನವರೆಗಿನ ಒಟ್ಟು ಇಳಿತ ಕೊಳವೆಯ ವ್ಯಾಸ ಮೀರಿದರೆ ಟ್ರ್ಯಾಪಿನ ನೀರು ಎಳೆದುಹೋಗಬಹುದು. 50 ಮಿ.ಮೀ. ಕೊಳವೆಗೆ ಆ ಲೆಕ್ಕದಲ್ಲಿ ಎರಡೂವರೆ ಮೀಟರ್ ಮಿತಿ. ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿದರೆ ಮುಂದೆ ಕಟ್ಟಿಕೊಂಡಾಗ ಸ್ಪ್ರಿಂಗ್ ತಂತಿ ತೂರಿಸುವುದು ಸಲೀಸು.

ಟ್ರ್ಯಾಪ್ ಕೂರಿಸಿದೊಡನೆ ಬಾಯಿಗೆ ಪ್ಲಾಸ್ಟಿಕ್ ಚೀಲ ತುರುಕಿ ಟೇಪ್ ಸುತ್ತಿ. ಟೈಲ್ಸ್ ಕೆಲಸದ ಸಿಮೆಂಟ್ ಹಾಲು ಒಳಗಿಳಿದು ತಳದಲ್ಲಿ ಕಲ್ಲಾದರೆ ಯಾವ ಬಗೆಯ ಟ್ರ್ಯಾಪಾದರೂ ಅಷ್ಟೇ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸಿಗೆ ಮೊದಲು, ಟ್ರ್ಯಾಪಿನ ಹೊರದಾರಿಗೆ ಬೂಚು ಬಿಗಿದು ನೆಲದ ಮೇಲೆ 2-3 ಸೆಂ.ಮೀ. ನೀರು ನಿಲ್ಲಿಸಿ. ಗೋಡೆಯ ಮೇಲೆ ಮಟ್ಟದ ಗೆರೆ ಹಾಕಿ 24 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲೂ ನೀರಿಟ್ಟು ಗೆರೆ ಹಾಕಿದ್ದರೆ, ಇಳಿದದ್ದು ಆವಿಯಾಗಿಯೋ ಸೋರಿಯೋ ಎಂಬುದು ಎರಡು ಗೆರೆ ಹೋಲಿಸಿದರೆ ತಿಳಿಯುತ್ತದೆ.