ಹೊಸ ಮದರ್‌ಬೋರ್ಡ್ ಅಂತ ದುಡ್ಡು ತೆಗೆದುಕೊಂಡು ಹಳೆಯದನ್ನೇ ವಾಪಸ್ ಕೊಟ್ಟರು, ಮಂಗಳೂರಿನವರು ಜಾಗ್ರತೆ

ಮಂಗಳೂರಲ್ಲಿ ಡೆಸ್ಕ್‌ಟಾಪ್ ರಿಪೇರಿಗೆ ಕೊಡುವವರು ಇದನ್ನು ಓದಿ ಆಮೇಲೆ ಕೊಡಿ. ಅಂಗಡಿಯ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವವರೆಗೆ ಹೆಸರು ಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರ, ಅಷ್ಟೇ.

ಜುಲೈ ತಿಂಗಳು. ನಮ್ಮಲ್ಲಿ ಗೋಡೆಯೇ ಬೆವರುವ ಸಮಯ. ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್ ಮಾತ್ರ ಕಪ್ಪು. ಸ್ವಲ್ಪ ಹೊತ್ತಿಗೆ ತಾನೇ ಆಫ್, ಮತ್ತೆ ತಾನೇ ಆನ್. ನಾನು ಮನೆಯಿಂದಲೇ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವಳು. 20ನೇ ತಾರೀಕಿನೊಳಗೆ ಜಿಎಸ್‌ಟಿ 3ಬಿ, ಅಂದರೆ ತಿಂಗಳ ತೆರಿಗೆ ರಿಟರ್ನ್, ಹಾಕಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದೂ ಬೇರೆಯವರ ತಲೆ ಮೇಲೆ. ಮಂಡೆಬಿಸಿ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಬೆಂಗಳೂರಿನಲ್ಲಿರುವ ನನ್ನ ಕಸಿನ್‌ಗೆ ಫೋನ್ ಮಾಡಿದೆ. ಸೈಡ್ ಪ್ಯಾನೆಲ್ ತೆಗೆದು ಒಳಗಿನದ್ದು ಫೋಟೋ ಕಳಿಸು ಅಂದ. ಮದರ್‌ಬೋರ್ಡ್ ಅಂದರೆ ಒಳಗಿನ ಎಲ್ಲ ಪಾರ್ಟ್ ಕೂರುವ ದೊಡ್ಡ ಬೋರ್ಡ್. ಅದರ ಅಂಚಿನಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ಲೈಟ್ ಇವೆ. ಎಲ್ಲಿ ತೊಂದರೆಯೋ ಅಲ್ಲಿಯದು ಉರಿಯುತ್ತದೆ. ನನ್ನದರಲ್ಲಿ ಡಿರ್ಯಾಮ್, ಅಂದರೆ ರ್ಯಾಮ್ (ಕಂಪ್ಯೂಟರಿನ ಮೆಮೊರಿ ಕಡ್ಡಿ) ಲೈಟ್ ಉರಿಯುತ್ತಿತ್ತು. "ರ್ಯಾಮ್ ಸರಿಯಾಗಿ ಕೂತಿಲ್ಲ, ಇಲ್ಲ ಅದರ ಕಾಲಿಗೆ ತೇವಕ್ಕೆ ಕಿಲುಬು ಹಿಡಿದಿದೆ. ತೆಗೆದು ರಬ್ಬರಿನಿಂದ ಒರೆಸಿ, ಒಂದೊಂದೇ ಹಾಕಿ ನೋಡಬೇಕು. ಕೈ ಬಾರದಿದ್ದರೆ ಅಂಗಡಿಗೆ ಕೊಡು, ಹತ್ತು ನಿಮಿಷದ ಕೆಲಸ" ಅಂದ. ಈ ಫೋಟೋ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಳೆಯಲ್ಲಿ ಸಿಪಿಯು ಡಬ್ಬವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಿಕ್ಷಾದಲ್ಲಿ ಒಯ್ದೆ. ಡಿರ್ಯಾಮ್ ಲೈಟ್ ಉರಿಯುತ್ತಿದೆ, ರ್ಯಾಮ್ ನೋಡಿ ಅಂತ ಬಾಯಿಬಿಟ್ಟು ಹೇಳಿದೆ. ಕೌಂಟರಿನಲ್ಲಿದ್ದವರು ನಕ್ಕರು. "ಅದೆಲ್ಲ ಯೂಟ್ಯೂಬ್ ನೋಡಿ ಹೇಳಬೇಡಿ ಮೇಡಂ." ನನ್ನೆದುರು ಪ್ಯಾನೆಲ್ ಕೂಡ ತೆಗೆಯಲಿಲ್ಲ. ಸಂಜೆ ಫೋನ್: "ಬೋರ್ಡ್ ಸುಟ್ಟಿದೆ, ಸಿಡಿಲಿಗೆ ಹೋದದ್ದು." ಜುಲೈಯಲ್ಲಿ ಎಲ್ಲಿಯ ಸಿಡಿಲು ಮಾರಾಯ್ರೇ? ನಮ್ಮಲ್ಲಿ ಸಿಡಿಲಿನ ಅಬ್ಬರ ಮಳೆಗಾಲ ಶುರುವಾಗುವ ಮೊದಲು, ಇಲ್ಲದಿದ್ದರೆ ಮಳೆ ಹಿಂದೆ ಹೋಗುವಾಗ. ಹೊಸ ಬೋರ್ಡಿಗೆ 7,800 ಅಂದರು. ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅಂದೆ. "ನ್ಯೂ ಬೋರ್ಡ್ 7800" ಅಂತ ಕಳಿಸಿದರು. ತಾರೀಕು ಹತ್ತಿರ ಬಂದಿತ್ತು, ಹಾಕಿ ಅಂದೆ.

ತರಲು ಹೋದಾಗ ಬಿಲ್ ಕೇಳಿದೆ. "ಬಿಲ್ ಬೇಕಾದರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ ಮೇಡಂ." ಜಿಎಸ್‌ಟಿ ಲೆಕ್ಕ ಬರೆಯುವವಳಿಗೇ ಈ ಮಾತು! ಕೊಡಿ, ಅದನ್ನೂ ಕೊಡ್ತೇನೆ ಅಂದೆ. ಆಗ ಪ್ರಿಂಟರ್ ಹಾಳಾಗಿತ್ತಂತೆ, ನಾಳೆ ಕಳಿಸ್ತಾರಂತೆ. ಆ ನಾಳೆ ಇನ್ನೂ ಬಂದಿಲ್ಲ.

ಮನೆಗೆ ತಂದೆ, ಆನ್ ಆಯಿತು, ಖುಷಿಯಾಯಿತು. ಆದರೆ ಲೆಕ್ಕ ಬರೆಯುವ ಟ್ಯಾಲಿ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೆ ತೆವಳುತ್ತದೆ. ಮೊದಲು ಹೀಗಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ನೋಡಿದೆ. 16 ಜಿಬಿ ಇರಬೇಕಾದಲ್ಲಿ 8. ಕೆಳಗೆ, ಸ್ಲಾಟ್ಸ್ ಯೂಸ್ಡ್ 1 ಆಫ್ 2. ನನ್ನದು ಎಂಟೆಂಟು ಜಿಬಿಯ ಎರಡು ರ್ಯಾಮ್ ಕಡ್ಡಿ! ಪ್ಯಾನೆಲ್ ತೆಗೆದೆ. ಒಂದು ಸ್ಲಾಟ್ ಖಾಲಿ. ಆಮೇಲೆ ಬೋರ್ಡ್ ನೋಡಿದೆ. ಅದೇ ಧೂಳು. ಧೂಳು ಕೂಡ ಒರೆಸಿರಲಿಲ್ಲ ಅವರು. ಕಸಿನ್‌ಗೆ ಕಳಿಸಿದ ಫೋಟೋ ತೆರೆದು ದೊಡ್ಡದು ಮಾಡಿ ಪಕ್ಕದಲ್ಲಿ ಹಿಡಿದೆ. ಸ್ಟಿಕ್ಕರಿನ ಸೀರಿಯಲ್ ನಂಬರ್ ಅಕ್ಷರಕ್ಕೆ ಅಕ್ಷರ ಒಂದೇ. ಕಂಪ್ಯೂಟರ್ ಕೊಂಡಾಗಿನ ಬಿಲ್ ಹುಡುಕಿದೆ, ಅದರಲ್ಲೂ ಅದೇ ನಂಬರ್. ಹೊಸ ಬೋರ್ಡ್ ಅಂತ 7,800 ಎಣಿಸಿ ಕೊಟ್ಟದ್ದು ನನ್ನದೇ ಹಳೆ ಬೋರ್ಡಿಗೆ. ಮೇಲಿಂದ ನನ್ನದೇ ಒಂದು ರ್ಯಾಮ್ ಕಡ್ಡಿ ಮಾಯ. ಕೈಕಾಲು ನಡುಗಿತು, ಸಿಟ್ಟಿಗೋ ನಾಚಿಕೆಗೋ ಗೊತ್ತಿಲ್ಲ.

ಮರುದಿನ ಹೋಗಿ ಕೇಳಿದೆ. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ, ಓದಿ.

ನಂಬರ್ ಒಂದೇ ಇದೆಯಲ್ಲ ಅಂದೆ. "ಅದು ಮಾಡೆಲ್ ನಂಬರ್ ಮೇಡಂ, ಎಲ್ಲ ಬೋರ್ಡಿಗೂ ಒಂದೇ." ಮಾಡೆಲ್ ನಂಬರ್ ಬೇರೆ ಕಡೆ ಇದೆ, ಇದು ಸೀರಿಯಲ್ ಅಂತ ತೋರಿಸಿದೆ. "ಕಂಪನಿಯವರು ಕೆಲವೊಮ್ಮೆ ಸೀರಿಯಲ್ ಕೂಡ ಒಂದೇ ಕೊಡ್ತಾರೆ." ಮುಖದಲ್ಲಿ ಒಂಚೂರು ಅಳುಕಿಲ್ಲ. ಎರಡು ಕಾರಿಗೆ ಒಂದೇ ನಂಬರ್ ಪ್ಲೇಟ್ ಇದ್ದ ಹಾಗಾಯಿತು. ಧೂಳು ಎಲ್ಲಿಂದ ಬಂತು ಅಂದೆ. ಆಗ ಮಾತು ತಿರುಗಿತು. "ಬೋರ್ಡ್ ಬದಲಿಸಿಲ್ಲ, ಚಿಪ್ ಲೆವೆಲ್ ರಿಪೇರಿ ಮಾಡಿದ್ದು." ಯಾವ ಚಿಪ್, ತೋರಿಸಿ ಅಂದೆ. "ಅದು ನಿಮಗೆ ಅರ್ಥ ಆಗುವುದಿಲ್ಲ." ವಾಟ್ಸಾಪ್ ತೆರೆದು "ನ್ಯೂ ಬೋರ್ಡ್" ತೋರಿಸಿದೆ. "ಹುಡುಗ ತಪ್ಪಿ ಟೈಪ್ ಮಾಡಿದ್ದಾನೆ." ಸರಿ, ರ್ಯಾಮ್ ಎಲ್ಲಿ? "ಒಂದು ಹಾಳಾಗಿತ್ತು, ಬಿಸಾಡಿದೆವು." ನೋಡಿ! ನಾನು ಮೊದಲ ದಿನವೇ ಹೇಳಿದ್ದು ರ್ಯಾಮ್ ಅಂತ. ನಕ್ಕಿದ್ದು ಇವರೇ. ನನ್ನ ವಸ್ತುವನ್ನು ನನಗೆ ಕೇಳದೆ ಹೇಗೆ ಬಿಸಾಡಿದಿರಿ ಅಂದರೆ, "ಎಲ್ಲ ಕಡೆ ಹಾಗೇ ಮೇಡಂ, ಗಿರಾಕಿಗಳು ನಿಂತಿದ್ದಾರೆ, ಸ್ವಲ್ಪ ಬದಿಗೆ ಬನ್ನಿ." ಬದಿಗೆ ಬನ್ನಿ ಅಂದದ್ದು ನನಗೆ ಇನ್ನೂ ಉರಿಯುತ್ತದೆ.

ಹಾಗಾಗಿ, ಪರದೆ ಕಪ್ಪಾದ ಕೂಡಲೇ ಬೋರ್ಡ್ ಅಂದರೆ ನಂಬಬೇಡಿ. ಮೊದಲು ಮಾನಿಟರ್ ಕೇಬಲ್, ಆಮೇಲೆ ರ್ಯಾಮ್. ಕರೆಂಟಿನ ವೈರ್ ಪ್ಲಗ್‌ನಿಂದ ಪೂರ್ತಿ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಕೈ ಹಾಕಿ. ಕಂಪ್ಯೂಟರಿನ ತಾರೀಕು ಹಿಂದೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್ 2032 ಬ್ಯಾಟರಿ ಮುಗಿದಿರಬಹುದು, ನಾಣ್ಯದಷ್ಟು ದೊಡ್ಡದು, ಅದಕ್ಕೆಲ್ಲ ಸಾವಿರಗಟ್ಟಲೆ ಕೊಡಬೇಡಿ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬ) ಹೋಗಿದೆ ಅಂದರೆ ಬೇರೊಂದು ಹಾಕಿ ನಿಮ್ಮೆದುರೇ ಆನ್ ಮಾಡಿಸಿ. ಬೋರ್ಡ್, ರ್ಯಾಮ್, ಫೈಲ್ ಎಲ್ಲ ಉಳಿಯುವ ಎಸ್‌ಎಸ್‌ಡಿ, ಎಲ್ಲದರ ಸ್ಟಿಕ್ಕರ್ ಫೋಟೋ ತೆಗೆದು ಕೊಡಿ, ತೆಗೆಯುವುದು ಅವರಿಗೆ ಕಾಣಲಿ. ತೆಗೆದ ಹಳೆ ಪಾರ್ಟ್ ವಾಪಸ್ ಕೇಳಿ. "ಬಿಟ್ಟು ಹೋಗಿ, ನೋಡಿ ಹೇಳ್ತೇವೆ" ಅಂದರೆ ಬಿಡಬೇಡಿ, ಬೇರೆ ಅಂಗಡಿಗೆ ಹೋಗಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಫೋಟೋ, ಹಳೆ ಬಿಲ್, ವಾಟ್ಸಾಪ್ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಇದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಫೀಸ್ ಇಲ್ಲ.

ದೂರು ಹೋದ ಮೇಲೆ ಅಂಗಡಿಯಿಂದಲೇ ಫೋನ್ ಬಂತು. "ಮೇಡಂ, ದೂರು ವಾಪಸ್ ತೆಗೆಯಿರಿ, ನಿಮ್ಮ ರ್ಯಾಮ್ ಕೊಡ್ತೇವೆ." ಬಿಸಾಡಿದ ರ್ಯಾಮ್! ಹಾಗಾದರೆ 7,800? ಅಂದೆ. ಲೈನ್ ಕಟ್. ಎರಡೂ ಕೈಗೆ ಬರುವವರೆಗೆ ನಾನು ದೂರು ತೆಗೆಯುವುದಿಲ್ಲ.