ಆಟೋಮ್ಯಾಟಿಕ್ ಕಾರು ಕೆಟ್ಟರೆ ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆಸಬೇಡಿ

ಅಕ್ಕನ ಕಾರು ದಾರಿಯಲ್ಲಿ ನಿಂತಿದ್ದು ಫ್ಯೂಯಲ್ ಪಂಪಿನ ರಿಲೇ ಹೋಗಿದ್ದರಿಂದ. ಕೆಲವು ನೂರು ರೂಪಾಯಿಯ ಸಣ್ಣ ಭಾಗ ಅದು. ಆದರೆ ಗ್ಯಾರೇಜಿಗೆ ಎಳೆದು ತಂದ ರೀತಿಗೆ ಗೇರ್‌ಬಾಕ್ಸೇ ಹಾಳಾಯಿತು. ಅದರ ಎಸ್ಟಿಮೇಟ್ ಲಕ್ಷ ರೂಪಾಯಿ ದಾಟಿದೆ. ಇನ್ನೊಬ್ಬರ ಮನೆಯಲ್ಲಿ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಮಂಗಳೂರಿನಿಂದ ಹಾಸನಕ್ಕೆ ಬರುತ್ತಿದ್ದರು. ಶಿರಾಡಿ ಘಾಟಿ ಹತ್ತಿ ಮುಗಿಸಿ ದೋಣಿಗಾಲ್ ಹತ್ತಿರ ಎಂಜಿನ್ ಆಫ್ ಆಯಿತು. ಜೋರು ಮಳೆ, ಕತ್ತಲಾಗುವ ಹೊತ್ತು, ಜೊತೆಯಲ್ಲಿ ಅಮ್ಮ ಬೇರೆ. ಅಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿ ಭಾವ ಟೋಯಿಂಗ್ ಗಾಡಿ ಕರೆಸಿದರು. ಕಾರಿನ ಮೂತಿ ರಸ್ತೆ ಪಕ್ಕದ ದಿಬ್ಬಕ್ಕೆ ತಿರುಗಿತ್ತು. ಹಿಂದಿನಿಂದ ಹಿಡಿಯುವುದು ಸುಲಭ ಅಂತ ಟೋಯಿಂಗ್ ಗಾಡಿಯವನು ಹಿಂದಿನ ಚಕ್ರ ಎತ್ತಿಕೊಂಡ. ಮುಂದಿನ ಎರಡೂ ಚಕ್ರ ರಸ್ತೆಯ ಮೇಲೇ ಉಳಿದವು.

‘ಇದು ಆಟೋಮ್ಯಾಟಿಕ್ ಕಣಪ್ಪ, ಹೀಗೆ ಎಳೆದರೆ ಏನೂ ಆಗಲ್ವಾ?’ ಅಂತ ಭಾವ ಕೇಳಿದ್ದಾರೆ. ‘ನ್ಯೂಟ್ರಲ್ ಹಾಕಿ ಸಾರ್, ಏನೂ ಆಗಲ್ಲ. ದಿನಾ ಇದೇ ಕೆಲಸ ನಮ್ದು’ ಅಂದಿದ್ದಾನೆ. ಹಾಸನದವರೆಗೆ, 40 ಕಿಲೋಮೀಟರಿಗೂ ಜಾಸ್ತಿ, ಹಾಗೇ ಎಳೆದಿದ್ದಾನೆ.

ಆ ಮಾತು ತಪ್ಪು. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅವು ತಿರುಗಿದರೆ ಗೇರ್‌ಬಾಕ್ಸಿನ ಒಳಗಿನ ಭಾಗಗಳೂ ತಿರುಗುತ್ತವೆ, ನ್ಯೂಟ್ರಲ್‌ನಲ್ಲಿದ್ದರೂ ಸರಿ. ಅಕ್ಕನದು ಸಿವಿಟಿ ಗೇರ್‌ಬಾಕ್ಸ್. ಅದರೊಳಗೆ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಅದಕ್ಕೆ ಆಯಿಲ್ ತಳ್ಳುವ ಪಂಪ್ ಓಡುವುದು ಎಂಜಿನ್‌ನಿಂದ. ಎಂಜಿನ್ ಆಫ್ ಆಗಿದೆ, ಪಂಪ್ ನಿಂತಿದೆ, ಚಕ್ರ ಮಾತ್ರ ತಿರುಗುತ್ತಲೇ ಇದೆ. ಒತ್ತಡದ ಆಯಿಲ್ ಇಲ್ಲದೆ ಬೆಲ್ಟು ಪುಲ್ಲಿಯನ್ನು ಉಜ್ಜುತ್ತಾ ಹೋಗುತ್ತದೆ. ಗ್ಯಾರೇಜಿನಲ್ಲಿ ಬಿಚ್ಚಿದಾಗ ಪುಲ್ಲಿ ಮೇಲಿನ ಗೀರುಗಳನ್ನು ನಾನೇ ನೋಡಿದೆ. ಆಯಿಲ್ ತುಂಬ ಲೋಹದ ಪುಡಿ.

ಇಂಥ ಗಾಡಿಗೆ ಸರಿಯಾದ ದಾರಿ ಫ್ಲ್ಯಾಟ್‌ಬೆಡ್. ನಾಲ್ಕೂ ಚಕ್ರ ಲಾರಿಯ ಮೇಲೆ. ಅದು ಸಿಗದಿದ್ದರೆ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ. ಎಎಂಟಿ ಕಾರಿನಲ್ಲಿ (ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಆದರೆ ಕ್ಲಚ್ಚು ಗೇರು ತಾನಾಗಿ ಬದಲಾಗುವಂಥದ್ದು) ಬ್ಯಾಟರಿ ಸತ್ತರೆ ಗೇರ್ ಬಿದ್ದ ಜಾಗದಲ್ಲೇ ಸಿಕ್ಕಿಕೊಳ್ಳಬಹುದು, ಅದಕ್ಕೂ ಮುಂಭಾಗ ಎತ್ತುವುದೇ ಸರಿ. ಎಲೆಕ್ಟ್ರಿಕ್ ಕಾರಿಗೆ ಫ್ಲ್ಯಾಟ್‌ಬೆಡ್ ಬಿಟ್ಟು ಬೇರೇನೂ ಬೇಡ.

ಹಗ್ಗ ಕಟ್ಟಿ ಎಳೆಯುವುದಾದರೆ ಮ್ಯಾನ್ಯುಯಲ್ ಗಾಡಿ ಮಾತ್ರ, ಅದೂ ಹತ್ತಿರದ ಗ್ಯಾರೇಜಿನವರೆಗೆ. ಹೆಚ್ಚಿನ ಕಾರುಗಳಲ್ಲಿ ಜಾಕ್ ಇರುವ ಜಾಗದಲ್ಲೇ ಒಂದು ಟೋ ಹುಕ್ ಇರುತ್ತದೆ. ಬಂಪರ್ ಮೇಲಿನ ಪುಟ್ಟ ಮುಚ್ಚಳ ತೆಗೆದು ಅದನ್ನು ಪೂರ್ತಿ ಬಿಗಿಯಾಗುವವರೆಗೆ ತಿರುಗಿಸಿ, ಹಗ್ಗ ಅದಕ್ಕೇ ಕಟ್ಟಿ. ಬಂಪರಿಗೋ, ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಆರ್ಮ್‌ಗೋ ಕಟ್ಟಲು ಬಿಡಬೇಡಿ. ಆರ್ಮ್ ಬಾಗಿದರೆ ಗಾಡಿ ಒಂದು ಕಡೆಗೆ ಎಳೆಯಲು ಶುರುವಾಗುತ್ತದೆ. ಕೀ ಆನ್ ಸ್ಥಾನದಲ್ಲಿರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಎಳೆಸಿಕೊಳ್ಳುವ ಕಾರಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಬಿಡಬಾರದು ಅನ್ನುತ್ತದೆ ನಿಯಮ. ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ: ಎಂಜಿನ್ ಆಫ್ ಇದ್ದಾಗ ಬ್ರೇಕ್ ಬೂಸ್ಟರ್, ಅಂದರೆ ಬ್ರೇಕ್ ತುಳಿತವನ್ನು ಹಗುರ ಮಾಡುವ ಭಾಗ, ಕೆಲಸ ಮಾಡಲ್ಲ. ಒಂದೆರಡು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗೂ ಭಾರ. ಹಾಗಾಗಿ ಘಾಟಿ ಇಳಿಜಾರಿನಲ್ಲಿ ಹಗ್ಗದ ಸಹವಾಸ ಬೇಡವೇ ಬೇಡ.

ಇನ್ಶೂರೆನ್ಸಿನವರು ಗೇರ್‌ಬಾಕ್ಸಿಗೆ ಕ್ಲೇಮ್ ಕೊಡಲಿಲ್ಲ. ಮೆಕ್ಯಾನಿಕಲ್ ಬ್ರೇಕ್‌ಡೌನ್ ಸಾಮಾನ್ಯ ಪಾಲಿಸಿಗೆ ಸೇರಲ್ಲ ಅಂದರು. ಟೋಯಿಂಗ್ ಗಾಡಿಯವನು ಬಿಲ್ಲೇ ಕೊಟ್ಟಿರಲಿಲ್ಲ, ಈಗ ಫೋನೂ ಎತ್ತುತ್ತಿಲ್ಲ. ಗಾಡಿ ಎತ್ತುವ ಮುಂಚೆಯೇ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ಎತ್ತಿದ ಮೇಲೆ ಯಾವ ಚಕ್ರ ನೆಲದಲ್ಲಿದೆ ಅಂತ ಕಾಣುವ ಹಾಗೆ ಇನ್ನೊಂದು. ಬಿಲ್ಲಿನಲ್ಲಿ ಗಾಡಿ ನಂಬರ್ ಬರೆಸಿ. ನಿಮ್ಮ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ಅಂತ ಇವತ್ತೇ ನೋಡಿ, ಇದ್ದರೆ ಆ ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಕರೆ ಮಾಡಬಹುದು, ಹಗಲೂ ರಾತ್ರಿಯೂ ಇರುತ್ತದೆ. ಯಾರಿಗೇ ಫೋನ್ ಮಾಡಿದರೂ ಮೊದಲು ಹೇಳಬೇಕಾದ್ದು ‘ಆಟೋಮ್ಯಾಟಿಕ್ ಗಾಡಿ, ಫ್ಲ್ಯಾಟ್‌ಬೆಡ್ಡೇ ಕಳಿಸಿ’ ಅಂತ.